ಇಪ್ಪತ್ತು ವರ್ಷ ದಾಟಿದ ಇಆರ್‌ಪಿ ಪ್ರಾಜೆಕ್ಟ್‌ಗೆ ‘ಮಾಡರ್ನ್ ವಿಷನ್’ ಬರೀರಿ ಅಂದ್ರೆ ಏನ್ ಬರೀಬೇಕು?

ಪ್ರಶ್ನೆ:

ನಮಸ್ಕಾರ ಸರ್. ಬೆಂಗಳೂರಲ್ಲಿ ಹದಿನಾಲ್ಕು ಜನ ಇರೋ ಒಂದು ಸಾಫ್ಟ್‌ವೇರ್ ಕಂಪನೀಲಿ ಒಂಬತ್ತು ವರ್ಷದಿಂದ ಇದೀನಿ. ನಮ್ದೆಲ್ಲಾ ಅಪಾಚೆ ಓಎಫ್‌ಬಿಜ್ ಅನ್ನೋ ಇಆರ್‌ಪಿ (ಕಂಪನಿಯ ಆರ್ಡರು, ಸ್ಟಾಕು, ಲೆಕ್ಕ ಎಲ್ಲಾ ನೋಡ್ಕೊಳ್ಳೋ ಸಾಫ್ಟ್‌ವೇರ್) ಮೇಲೇ ಕೆಲಸ, ಹೋಲ್‌ಸೇಲ್ ಡಿಸ್ಟ್ರಿಬ್ಯೂಟರ್‌ಗಳು, ಎರಡು ಆನ್‌ಲೈನ್ ಅಂಗಡಿ, ಒಟ್ಟು ಏಳು ಕ್ಲೈಂಟ್. ಒಬ್ರು ಇನ್ನೂ 16.11 ವರ್ಷನ್‌ನಲ್ಲಿದಾರೆ, ಉಳಿದೋರು 18.12. ಪ್ರಾಜೆಕ್ಟ್‌ಗೆ ಒಂದು ಮಾಡರ್ನ್ ವಿಷನ್ ಬೇಕು ಅನ್ನೋ ಮಾತು ನಮ್ಮವರಲ್ಲಿ ಬರ್ತಾನೇ ಇರುತ್ತೆ, ನಾನೂ ಹುರುಪಲ್ಲಿ ಒಂದು ಡ್ರಾಫ್ಟ್ ಬರ್ಕೊಡ್ತೀನಿ ಅಂತ ಒಪ್ಕೊಂಡ್ಬಿಟ್ಟೆ, ಈಗ ಕೂತ್ರೆ ಏನೂ ಹೊಳೀತಿಲ್ಲ. ಒಬ್ರು ಸ್ಪ್ರಿಂಗ್ ಬೂಟ್, ರಿಯಾಕ್ಟ್ ಥರದ ಹೊಸ ಟೂಲ್, ಮೈಕ್ರೋಸರ್ವಿಸ್ (ಒಂದೇ ಸಾಫ್ಟ್‌ವೇರನ್ನ ಸಣ್ಣಸಣ್ಣ ಬೇರೆಬೇರೆ ಸರ್ವಿಸ್ ಆಗಿ ಒಡೆಯೋದು) ಹಾಕಿ ಮೊದಲಿಂದ ಬರೀಬೇಕು ಅಂತಾರೆ, ಇನ್ನೊಬ್ರು ಓಡ್ತಿರೋದನ್ನ ಮುಟ್ಬೇಡಿ ಅಂತಾರೆ. ಕಾಲೇಜಿಂದ ಬಂದ ಹುಡುಗ್ರು ಎಕ್ಸ್‌ಎಂಎಲ್ (ಟ್ಯಾಗ್ ಹಾಕಿ ವಿವರ ಬರೆಯೋ ಫೈಲು) ನೋಡಿ ಮೂರೇ ತಿಂಗಳಿಗೆ ಬೇರೆ ಕೆಲಸ ಹುಡುಕ್ತಾರೆ. 2023-24ರ ಸೆಕ್ಯೂರಿಟಿ ಗಲಾಟೆ ಆದ್ಮೇಲೆ ಒಬ್ಬ ಕ್ಲೈಂಟ್ ‘ಇದು ಸೇಫಾ’ ಅಂತ ಪ್ರತಿ ಮೀಟಿಂಗಲ್ಲೂ ಕೇಳ್ತಾರೆ. ನಮ್ಮ ಬಾಸು ಇಆರ್‌ಪಿನೆಕ್ಸ್ಟ್ ಇಲ್ಲಾ ಓಡೂ ಅನ್ನೋ ಬೇರೆ ಇಆರ್‌ಪಿಗೆ ಹೋಗೋಣ ಅಂತಿದಾರೆ. ನಾನು ಇಷ್ಟು ವರ್ಷ ಕಲ್ತಿದ್ದು ಹಳೇ ಟೆಕ್ನಾಲಜಿನಾ ಸರ್? ಆ ವಿಷನ್ ಅನ್ನೋದ್ರಲ್ಲಿ ನಿಜವಾಗ್ಲೂ ಏನಿರಬೇಕು?

ಉತ್ತರ:

ನೀವು ಒಂದೇ ಪ್ರಶ್ನೆ ಅಂದ್ಕೊಂಡು ಮೂರು ಕೇಳಿದೀರ. ನಿಮ್ಮ ಕೆಲಸದ ಗತಿ ಏನು, ನಿಮ್ಮ ಕಂಪನಿಯ ಏಳು ಕ್ಲೈಂಟ್‌ಗಳ ಗತಿ ಏನು, ಪ್ರಾಜೆಕ್ಟ್ ಗತಿ ಏನು. ಮೂರಕ್ಕೂ ಒಂದೇ ಕಾಗದದಲ್ಲಿ ಉತ್ತರ ಬರೀಬೇಕು ಅಂತ ಕೂತಿದೀರ, ಅದಕ್ಕೇ ಪೆನ್ನು ಓಡ್ತಿಲ್ಲ. ಇವು ಮೂರೂ ಬೇರೆ, ಕೆಲವು ಕಡೆ ಒಂದಕ್ಕೊಂದು ಉಲ್ಟಾ ಕೂಡ.

ನಾನು 2007ರಿಂದ ಈ ಥರದ ಸಾಫ್ಟ್‌ವೇರ್‌ಗಳನ್ನ ಕಂಪನಿಗಳಲ್ಲಿ ಕೂರಿಸೋ ಕೆಲಸ ಮಾಡ್ಕೊಂಡ್ ಬಂದಿದೀನಿ, ಅದರಲ್ಲಿ ಅರ್ಧಕ್ಕರ್ಧ ಓಎಫ್‌ಬಿಜ್. ಹೆಸರು ಕೇಳಿಲ್ದೋರಿಗೆ ಎರಡು ಮಾತು: ಡೇವಿಡ್ ಜೋನ್ಸ್, ಆ್ಯಂಡಿ ಝೆನೆಸ್ಕಿ ಅನ್ನೋ ಇಬ್ರು 2001ರಲ್ಲಿ ಶುರು ಮಾಡಿದ್ದು, 2006ರಲ್ಲಿ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ಒಳಗೆ ಬಂತು, ಆ ವರ್ಷದ ಕೊನೆಗೆ ಟಾಪ್ ಲೆವೆಲ್ ಪ್ರಾಜೆಕ್ಟ್ ಆಯ್ತು. ಜಾವಾದಲ್ಲಿದೆ. ಆರ್ಡರ್, ಸ್ಟಾಕು, ಖರೀದಿ, ಅಕೌಂಟ್ಸು, ತಯಾರಿಕೆ ಎಲ್ಲಾ ಒಂದೇ ಕಡೆ. ಲೈಸೆನ್ಸು ಅಪಾಚೆ 2.0, ಅಂದ್ರೆ ತಗೊಂಡು ಬದಲಾಯಿಸಿ ನಿಮ್ಮದೇ ಹೆಸರಲ್ಲಿ ಮಾರಿದ್ರೂ ನಿಮ್ಮ ಕೋಡ್ ತೋರಿಸಿ ಅಂತ ಯಾರೂ ಕೇಳಂಗಿಲ್ಲ. ಈ ಲೈಸೆನ್ಸ್ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ನಿಮ್ಮ ಹುಡುಗ್ರು ಎಕ್ಸ್‌ಎಂಎಲ್ ನೋಡಿ ಓಡ್ತಾರೆ ಅಂದ್ರಲ್ಲ, ಅಲ್ಲಿಂದ ಶುರು ಮಾಡ್ತೀನಿ. ಎಕ್ಸ್‌ಎಂಎಲ್ ಇದ್ರೆ ಹಳೇದು ಅನ್ನೋದು ಸುಳ್ಳು. ಬಾಸು ಹೋಗೋಣ ಅಂತಿರೋ ಓಡೂ ಇದೆಯಲ್ಲ, ಅದರ ಸ್ಕ್ರೀನ್‌ಗಳ ವ್ಯೂ ಎಲ್ಲಾ ಎಕ್ಸ್‌ಎಂಎಲ್ಲೇ. ಇಆರ್‌ಪಿನೆಕ್ಸ್ಟ್‌ನಲ್ಲಿ ಡಾಕ್‌ಟೈಪ್ ಅಂತ ಇದೆ, ಅದು ಜೇಸನ್ ಫೈಲಲ್ಲಿ ಕೂತಿರುತ್ತೆ, ಮಾಡೋ ಕೆಲಸ ಹೆಚ್ಚುಕಮ್ಮಿ ನಮ್ಮ ಎಂಟಿಟಿಮಾಡೆಲ್ (ಟೇಬಲ್‌ಗಳ ವಿವರ ಇರೋ) ಫೈಲ್ ಮಾಡೋದೇ. ಟೇಬಲ್ಲು, ಫಾರ್ಮು, ಪರ್ಮಿಶನ್ನು ಇದನ್ನೆಲ್ಲಾ ಕೋಡ್ ಬರೀದೇ ಬರೀ ವಿವರ ಬರ್ದು ಮುಗಿಸೋ ಉಪಾಯವನ್ನ ದೊಡ್ಡ ಬಿಸಿನೆಸ್ ಸಾಫ್ಟ್‌ವೇರ್‌ಗಳೆಲ್ಲಾ ಒಂದಲ್ಲ ಒಂದು ರೂಪದಲ್ಲಿ ಹಿಡಿದಿದಾವೆ, ಹಿಡೀಲೇಬೇಕು, ಯಾಕಂದ್ರೆ ಸಾವಿರ ಫಾರ್ಮ್‌ನ ಕೈಯಲ್ಲಿ ಬರೀತಾ ಕೂತ್ರೆ ಮುಗಿಯಲ್ಲ. ಹುಡುಗ್ರು ಹೆದರೋದು ಎಕ್ಸ್‌ಎಂಎಲ್‌ಗಲ್ಲ. ಒಂದು ಬಟನ್ ಒತ್ತಿದ್ರೆ ಏನಾಗುತ್ತೆ ಅಂತ ಹುಡುಕೋಕೆ ಕಂಟ್ರೋಲರ್ ಫೈಲು, ಅಲ್ಲಿಂದ ಸರ್ವಿಸ್ ಡೆಫಿನಿಶನ್ನು, ಅಲ್ಲಿಂದ ಮಿನಿಲ್ಯಾಂಗ್ (ಓಎಫ್‌ಬಿಜ್‌ನದ್ದೇ ಎಕ್ಸ್‌ಎಂಎಲ್ ಪುಟ್ಟ ಭಾಷೆ) ಫೈಲು, ಆಮೇಲೆ ಎಲ್ಲೋ ಮೂಲೇಲಿ ಒಂದು ಎಸ್‌ಇಸಿಎ (ಒಂದು ಸರ್ವಿಸ್ ಓಡಿದಾಗ ತಾನಾಗೇ ಇನ್ನೊಂದನ್ನ ಓಡಿಸೋ ನಿಯಮ) ಸದ್ದಿಲ್ದೇ ಓಡಿ ಸ್ಟಾಕ್ ಬದಲಾಯಿಸಿರುತ್ತೆ, ಹಿಂಗೆ ಐದು ಫೈಲ್ ಸುತ್ತಬೇಕು, ಸುತ್ತೋ ದಾರಿ ಯಾರೂ ಹೇಳ್ಕೊಟ್ಟಿರಲ್ಲ. ಅದಕ್ಕೆ ಹೆದರ್ತಾರೆ. ನಾನೂ ಹೆದರಿದ್ದೆ, ನಮ್ಮ ಕಾಲದಲ್ಲಿ ಬೇರೆ ಕೆಲಸ ಅಷ್ಟು ಸುಲಭಕ್ಕೆ ಸಿಗ್ತಿರ್ಲಿಲ್ಲ ಅಂತ ಉಳ್ಕೊಂಡೆ ಅಷ್ಟೇ.

ಇನ್ನು ಹಳೇದ್ರಲ್ಲಿ ಬಂಗಾರ ಯಾವುದು ಅನ್ನೋದು. ಓಎಫ್‌ಬಿಜ್‌ನ ಟೇಬಲ್‌ಗಳ ವಿನ್ಯಾಸ ಲೆನ್ ಸಿಲ್ವರ್‌ಸ್ಟನ್ ಅನ್ನೋರು ರೂಪಿಸಿದ ಡೇಟಾ ಮಾಡೆಲ್‌ಗಳ ಆಧಾರದ ಮೇಲೆ ನಿಂತಿದೆ. ಅದರಲ್ಲಿ ಕಸ್ಟಮರ್ ಅಂತ ಟೇಬಲ್ ಇಲ್ಲ, ಸಪ್ಲೈಯರ್ ಅಂತಾನೂ ಇಲ್ಲ, ಇರೋದು ‘ಪಾರ್ಟಿ’. ಮನುಷ್ಯನೂ ಪಾರ್ಟಿ, ಕಂಪನೀನೂ ಪಾರ್ಟಿ, ಅವರು ನಮಗೆ ಏನಾಗ್ತಾರೆ ಅನ್ನೋದು ಬೇರೆ ಟೇಬಲಲ್ಲಿ ರೋಲ್ ಆಗಿ ಕೂತಿರುತ್ತೆ. ಇದನ್ನ ನಾನು ಮೊದಲ ಸಲ ಚಿಕ್ಕಪೇಟೆಯ ಒಬ್ರು ಬಟ್ಟೆ ಹೋಲ್‌ಸೇಲ್‌ನೋರಿಗೆ ವಿವರಿಸೋಕೆ ಹೋಗಿ ಬೋರ್ಡ್ ಮೇಲೆ ಚಿತ್ರ ಎಲ್ಲಾ ಬರ್ದೆ, ಅವರು ನಕ್ಕು ‘ಇದೇನ್ ಹೊಸದು ಹೇಳ್ತೀರ, ನಮ್ಮಲ್ಲಿ ಮೊದಲಿಂದಾನೂ ಪಾರ್ಟೀನೇ ಅನ್ನೋದು, ಪಾರ್ಟಿ ಬಂದಿದಾರೆ, ಪಾರ್ಟಿ ಪೇಮೆಂಟ್ ಬಾಕಿ, ಮಾಲು ಕೊಡೋನೂ ಪಾರ್ಟಿ ಮಾಲು ತಗೊಳ್ಳೋನೂ ಪಾರ್ಟಿ, ಒಂದೊಂದ್ಸಲ ಇಬ್ರೂ ಒಬ್ನೇ’ ಅಂದ್ರು. ಅಷ್ಟೇ ವಿಷಯ. ಎಷ್ಟೋ ಹೊಸ ಸಾಫ್ಟ್‌ವೇರ್‌ಗಳಲ್ಲಿ ಕೊಡೋನೂ ತಗೊಳ್ಳೋನೂ ಒಬ್ನೇ ಆದಾಗ ಎರಡು ಕಡೆ ಎಂಟ್ರಿ ಹಾಕಿ ಆಮೇಲೆ ವಜಾ ಹಾಕೋಕೆ ಒದ್ದಾಡೋದನ್ನ ನೋಡಿದೀನಿ. ಅಟ್ಲಾಸಿಯನ್‌ನೋರ ಜಿರಾ, ಸಾಫ್ಟ್‌ವೇರ್ ಟೀಮುಗಳು ಕೆಲಸದ ಪಟ್ಟಿ ಇಟ್ಕೊಳ್ಳೋದು, ಅದು ಕೂಡ ವರ್ಷಗಟ್ಟಲೆ ಓಎಫ್‌ಬಿಜ್‌ನ ಎಂಟಿಟಿ ಎಂಜಿನ್ (ಡೇಟಾಬೇಸ್ ಜೊತೆ ಮಾತಾಡೋ ಭಾಗ) ಇಟ್ಕೊಂಡೇ ಓಡ್ತು, ಅಷ್ಟು ಗಟ್ಟಿ ಅದು. ನೀವು ಒಂಬತ್ತು ವರ್ಷ ಕಲ್ತಿದ್ದು ಹಳೇ ಟೆಕ್ನಾಲಜಿನಾ ಅಂದ್ರಲ್ಲ, ಈ ಭಾಗ ಹಳೇದಾಗೋ ಜಾತಿಯದಲ್ಲ. ನಾಳೆ ಎಲ್ಲೇ ಹೋದ್ರೂ ಆರ್ಡರ್‌ಗೂ ಶಿಪ್‌ಮೆಂಟ್‌ಗೂ ಇನ್‌ವಾಯ್ಸ್‌ಗೂ ಇರೋ ಸಂಬಂಧ ಇದೇ ಇರುತ್ತೆ. ಮಿನಿಲ್ಯಾಂಗ್ ಕಲ್ತಿದ್ದು ಮಾತ್ರ ದಂಡ, ಅದಕ್ಕೆ ಏನೂ ಮಾಡಕ್ಕಾಗಲ್ಲ.

ಈಗ ‘ಮೊದಲಿಂದ ಬರೆಯೋಣ’ ಅನ್ನೋರ ಮಾತು. ಅವರ ಮೇಲೆ ನಂಗೆ ಕೋಪ ಇಲ್ಲ, ಹತ್ತು ವರ್ಷದ ಹಿಂದೆ ನಾನೂ ಅದೇ ಅಂತಿದ್ದೆ. ಆದ್ರೆ ಒಂದು ಲೆಕ್ಕ ಹಾಕಿ ನೋಡಿ. 2013ರಲ್ಲಿ ಯಾರಾದ್ರೂ ಮಾಡರ್ನ್ ವಿಷನ್ ಬರ್ದಿದ್ರೆ ಅದರಲ್ಲಿ ಏನಿರ್ತಿತ್ತು? ವೆಬ್ ಸ್ಕ್ರೀನ್ ಕಟ್ಟೋ ಆ್ಯಂಗ್ಯುಲರ್‌ಜೆಎಸ್ ಫ್ರೇಮ್‌ವರ್ಕ್. ಆಗ ಎಲ್ಲರ ಬಾಯಲ್ಲೂ ಅದೇ. ಅದು ಬಂದಿದ್ದು 2010ರಲ್ಲಿ, 2016ರಲ್ಲಿ ಆ್ಯಂಗ್ಯುಲರ್ 2 ಬಂದಾಗ ಹಳೇ ಕೋಡು ಹಾಗೇ ಓಡ್ಲಿಲ್ಲ, 2021ರ ಕೊನೆಗೆ ಗೂಗಲ್ ಹಳೇದಕ್ಕೆ ಸಪೋರ್ಟೇ ನಿಲ್ಲಿಸ್ತು. ನಮ್ಮ ಕೆಟ್ಟ ಮುಖದ ಎಕ್ಸ್‌ಎಂಎಲ್ ಫಾರ್ಮ್‌ಗಳು ಅದಕ್ಕಿಂತ ಮೊದಲು ಹುಟ್ಟಿದ್ದು, ಇವತ್ತೂ ಓಡ್ತಿದಾವೆ. ವಿಷನ್‌ನಲ್ಲಿ ಫ್ರೇಮ್‌ವರ್ಕ್ ಹೆಸರು ಬರ್ದ್ರೆ ಆ ಫ್ರೇಮ್‌ವರ್ಕ್‌ನ ಆಯಸ್ಸೇ ನಿಮ್ಮ ವಿಷನ್‌ನ ಆಯಸ್ಸು.

ಮೈಕ್ರೋಸರ್ವಿಸ್ ಬಗ್ಗೆ ನನ್ನ ಕಣ್ಣೆದುರೇ ನಡೆದಿದ್ದು ಹೇಳ್ತೀನಿ. ಒಂದು ಕಂಪನಿ, ಹೆಸರು ಬೇಡ, ಓಎಫ್‌ಬಿಜ್‌ನಲ್ಲಿ ಚೆನ್ನಾಗೇ ಇದ್ರು, ಹೊಸ ಟೆಕ್ನಾಲಜಿ ಹೆಡ್ ಬಂದು ಆರ್ಡರ್ ಒಂದು ಸರ್ವಿಸ್ಸು, ಸ್ಟಾಕ್ ಒಂದು ಸರ್ವಿಸ್ಸು, ಬೆಲೆ ಒಂದು ಸರ್ವಿಸ್ಸು ಅಂತ ಕತ್ತರಿಸಿದ್ರು. ಓಎಫ್‌ಬಿಜ್‌ನಲ್ಲಿ ಆರ್ಡರ್ ಸೇವ್ ಆಗೋದೂ ಸ್ಟಾಕ್ ಕಾದಿರಿಸೋದೂ ಒಂದೇ ಡೇಟಾಬೇಸ್ ಟ್ರಾನ್ಸಾಕ್ಷನ್ ಒಳಗೆ, ಒಂದು ಕೈಕೊಟ್ರೆ ಎರಡೂ ವಾಪಸ್. ಕತ್ತರಿಸಿದ್ಮೇಲೆ ಆರ್ಡರ್ ಆಗ್ತಿತ್ತು, ಸ್ಟಾಕ್ ಕಡೆಗೆ ಹೋದ ಮೆಸೇಜು ಒಂದೊಂದ್ಸಲ ದಾರೀಲೇ ಕಳೆದುಹೋಗ್ತಿತ್ತು, ಗೋಡೌನಲ್ಲಿ ಇಲ್ಲದ ಮಾಲಿಗೆ ಬಿಲ್ ಆಗ್ತಿತ್ತು. ಐದು ಜನ ಹದಿನೆಂಟು ತಿಂಗಳು ಕೂತು ಕಟ್ಟಿದ್ದು, ಕೊನೆಗೆ ಇಬ್ರು ಗುಮಾಸ್ತರು ಪ್ರತಿ ಶನಿವಾರ ಎಕ್ಸೆಲ್‌ನಲ್ಲಿ ತಾಳೆ ನೋಡೋಕೆ ಕೂತ್ರು. ನೂರಾರು ಡೆವಲಪರ್ ಇರೋ ಕಂಪನಿಗೆ ಮೈಕ್ರೋಸರ್ವಿಸ್ ಯಾಕೆ ಬೇಕು ಅಂದ್ರೆ ಒಂದು ಟೀಮು ಇನ್ನೊಂದು ಟೀಮಿಗೆ ಕಾಯ್ಬಾರ್ದು ಅಂತ. ನಿಮ್ಮಲ್ಲಿ ಇರೋದೇ ಒಂದು ಟೀಮು.

ಹೊಸದಾಗಿ ಬರೆಯೋ ಪ್ರಯೋಗ ಆಗಿಲ್ಲ ಅಂತಲ್ಲ ಮತ್ತೆ. ಡೇವಿಡ್ ಜೋನ್ಸ್ ಅವರೇ ಓಎಫ್‌ಬಿಜ್‌ನಲ್ಲಿ ಕಲ್ತಿದ್ದನ್ನೆಲ್ಲಾ ಇಟ್ಕೊಂಡು ಮೋಕಿ ಅಂತ ಬೇರೆ ಫ್ರೇಮ್‌ವರ್ಕ್ ಬರ್ದ್ರು. ನಾನು ನೋಡಿದ ಮಟ್ಟಿಗೆ ಅದು ನಮ್ದಕ್ಕಿಂತ ಸ್ವಚ್ಛ, ಚಿಕ್ಕದು. ಆದ್ರೂ ಓಎಫ್‌ಬಿಜ್ ಖಾಲಿ ಆಗ್ಲಿಲ್ಲ, ಯಾಕಂದ್ರೆ ಕ್ಲೈಂಟ್‌ಗಳ ಹತ್ರ ಇದ್ದಿದ್ದು ಫ್ರೇಮ್‌ವರ್ಕ್ ಅಲ್ಲ, ಅದರ ಮೇಲೆ ವರ್ಷಾನುಗಟ್ಟಲೆ ಕಟ್ಕೊಂಡ ನೂರು ಸಣ್ಣಸಣ್ಣ ವಿಶೇಷಗಳು. ಹುಟ್ಟಿಸಿದವರೇ ಬರೆದ ಹೊಸದಕ್ಕೆ ಜನ ಎದ್ದು ಹೋಗ್ಲಿಲ್ಲ ಅಂದ್ಮೇಲೆ ನಾವು ಬರೆಯೋದಕ್ಕೆ ಹೋಗ್ತಾರಾ. ಕಂಪಿಯೆರ್ ಅನ್ನೋ ಇನ್ನೊಂದು ಇಆರ್‌ಪಿ ಕಥೆ ಬೇರೆ ಥರ: ಅದನ್ನ ನಡೆಸ್ತಿದ್ದ ಕಂಪನಿಗೂ ಕಮ್ಯುನಿಟಿಗೂ ಆಗಿಬರದೇ 2006ರಲ್ಲಿ ಅಡೆಂಪಿಯೆರ್ ಅಂತ ಒಡೀತು, ಅದರಿಂದ ಮತ್ತೆ ಐಡೆಂಪಿಯೆರ್ ಅಂತ ಒಡೀತು. ಓಡೂಗೆ ಟೈನಿಇಆರ್‌ಪಿ ಅಂತ ಹೆಸರಿದ್ದಾಗ 2008ರಲ್ಲಿ ಅದರಿಂದ ಟ್ರೈಟನ್ ಹೊರಗೆ ಬಂತು, ಉಳಿದಿದ್ದು ಓಪನ್‌ಇಆರ್‌ಪಿ ಆಗಿ 2014ರಲ್ಲಿ ಓಡೂ ಆಯ್ತು. ಪ್ರತಿ ಸಲ ಒಡೆದಾಗ್ಲೂ ಇದ್ದ ಕೆಲವೇ ಕೈಗಳು ಎರಡು ಕಡೆ ಹಂಚಿಹೋದ್ವು.

ಹಂಗಂತ ‘ಮುಟ್ಬೇಡಿ’ ಅನ್ನೋರದ್ದೂ ಸರಿ ಇಲ್ಲ. ಅವರಿಗೆ ಉತ್ತರ ನೀವೇ ಹೇಳಿದ ಸೆಕ್ಯೂರಿಟಿ ಗಲಾಟೆ, ಅದನ್ನ ಸ್ವಲ್ಪ ಬಿಡಿಸಿ ನೋಡಿ, ವಿಷನ್‌ಗೆ ಬೇಕಾಗಿರೋ ಅರ್ಧ ವಿಷಯ ಅಲ್ಲೇ ಇದೆ.

2023ರ ಡಿಸೆಂಬರ್‌ನಲ್ಲಿ ಬಂದಿದ್ದು ಸಿವಿಇ-2023-49070 (ಸಿವಿಇ ಅಂದ್ರೆ ಬಯಲಾದ ಸೆಕ್ಯೂರಿಟಿ ರಂಧ್ರಕ್ಕೆ ಕೊಡೋ ನಂಬರು). ಲಾಗಿನ್ನೇ ಇಲ್ಲದೆ ಹೊರಗಿನೋನು ಸರ್ವರ್ ಮೇಲೆ ತನ್ನ ಕೋಡ್ ಓಡಿಸಬಹುದಾದ ರಂಧ್ರ. ಎಲ್ಲಿತ್ತು? ಹೊರಗಿನ ಪ್ರೋಗ್ರಾಂ ನಮ್ಮ ಸರ್ವಿಸ್ ಕರೆಯೋಕೆ ಅಂತಿದ್ದ ಎಕ್ಸ್‌ಎಂಎಲ್-ಆರ್‌ಪಿಸಿ ಅನ್ನೋ ಹಳೇ ಭಾಗದಲ್ಲಿ, ಅದನ್ನ ನೋಡ್ಕೊಳ್ಳೋರೇ ಇರ್ಲಿಲ್ಲ, ನನ್ನ ಕ್ಲೈಂಟ್‌ಗಳಲ್ಲಿ ಒಬ್ರೂ ಬಳಸ್ತಿರ್ಲಿಲ್ಲ. 18.12.10ರಲ್ಲಿ ಆ ಭಾಗವನ್ನೇ ಕಿತ್ತುಹಾಕಿದ್ರು. ಅದೇ ತಿಂಗಳು ಮತ್ತೆ ಸಿವಿಇ-2023-51467 ಬಂತು, ಯಾಕಂದ್ರೆ ಭಾಗ ಹೋಗಿತ್ತು, ಬೇರು ಹೋಗಿರ್ಲಿಲ್ಲ. ಲಾಗಿನ್ ಪರೀಕ್ಷೆ ಮಾಡೋ ಕೋಡಲ್ಲೇ ತಪ್ಪಿತ್ತು, ಹೆಸರು ಪಾಸ್‌ವರ್ಡ್ ಖಾಲಿ ಬಿಟ್ಟು ಪಾಸ್‌ವರ್ಡ್ ಬದಲಿಸಬೇಕು ಅನ್ನೋ ಒಂದು ಪ್ಯಾರಾಮೀಟರ್ ಸೇರಿಸಿದ್ರೆ ಒಳಗೆ ಬಿಡ್ತಿತ್ತು. ಅದು 18.12.11ರಲ್ಲಿ ಸರಿಯಾಯ್ತು. 2024ರಲ್ಲಿ ಇನ್ನೊಂದು ಸರಣಿ: 18.12.13, 18.12.14, 18.12.15 ಮೂರರಲ್ಲೂ ಒಂದೊಂದು ತೇಪೆ, ಕೊನೆಗೆ 18.12.16ರಲ್ಲಿ ಬೇರಿಗೆ ಕೈ ಹಾಕಿದ್ರು. ಆ ಬೇರು ಏನಪ್ಪಾ ಅಂದ್ರೆ ನಮ್ಮ ಕಂಟ್ರೋಲರ್‌ನಲ್ಲಿ ಯಾವ ರಿಕ್ವೆಸ್ಟು, ಅದಕ್ಕೆ ಯಾವ ವ್ಯೂ ಅನ್ನೋ ಎರಡು ನಕ್ಷೆ ಇರುತ್ತಲ್ಲ, ಪರ್ಮಿಶನ್ ನೋಡ್ತಿದ್ದಿದ್ದು ರಿಕ್ವೆಸ್ಟ್‌ಗೆ, ತೋರಿಸ್ತಿದ್ದಿದ್ದು ವ್ಯೂ, ಯುಆರ್‌ಎಲ್‌ನಲ್ಲಿ ಸ್ವಲ್ಪ ಚಮತ್ಕಾರ ಮಾಡಿ ಎರಡಕ್ಕೂ ತಾಳಮೇಳ ತಪ್ಪಿಸಿದ್ರೆ ಎಲ್ಲರಿಗೂ ಬಿಟ್ಟಿರೋ ರಿಕ್ವೆಸ್ಟ್ ಹಿಡ್ಕೊಂಡು ಅಡ್ಮಿನ್‌ಗಷ್ಟೇ ಇರೋ ವ್ಯೂಗೆ ಹೋಗಬಹುದಿತ್ತು.

ಇದರಿಂದ ನಿಮ್ಮ ಡ್ರಾಫ್ಟ್‌ಗೆ ಎರಡು ಸಿಗುತ್ತೆ. ಒಂದು, ‘ಯಾರಾದ್ರೂ ಬಳಸ್ತಿರಬಹುದು, ಇರ್ಲಿ ಬಿಡಿ’ ಅಂತ ಇಟ್ಕೊಂಡಿದ್ದೇ ಮೊದಲು ಕಚ್ಚಿದ್ದು. ಎರಡನೇದು ಸ್ವಲ್ಪ ಸೂಕ್ಷ್ಮ. 18.12 ಅಂದ್ರೆ ಆ ಬ್ರ್ಯಾಂಚ್ (ರಿಲೀಸ್‌ಗೆ ಅಂತ ಬೇರೆ ತೆಗೆದಿಟ್ಟ ಕೋಡ್) ಕತ್ತರಿಸಿದ್ದು 2018ರ ಡಿಸೆಂಬರ್. 2024ರ ಸೆಪ್ಟೆಂಬರಲ್ಲೂ ನಾವು ಅದಕ್ಕೇ ತೇಪೆ ಹಾಕ್ತಾ ಇದ್ವಿ. ಆಮೇಲೆ ರಿಲೀಸ್ ಕಂಡ ಬ್ರ್ಯಾಂಚು 24.09. ಮಧ್ಯದ ಸುಮಾರು ಆರು ವರ್ಷದಲ್ಲಿ ಕೆಲಸ ನಡೆದಿಲ್ಲ ಅಂತಲ್ಲ, ಮಿನಿಲ್ಯಾಂಗ್‌ನಿಂದ ಗ್ರೂವಿ ಭಾಷೆಗೆ ಒಂದೊಂದೇ ಫೈಲ್ ಬದಲಾಯಿಸಿದ್ರು, ಕೋಡ್ ಇಡೋಕೆ ಎಸ್‌ವಿಎನ್ ಬಿಟ್ಟು ಗಿಟ್‌ಗೆ ಬಂದ್ರು, ಬೇರೆ ಸಾಫ್ಟ್‌ವೇರ್ ಜೊತೆ ಮಾತಾಡೋಕೆ ರೆಸ್ಟ್ ಎಪಿಐ ಪ್ಲಗಿನ್ ಬಂತು. ಒಳ್ಳೊಳ್ಳೆ ಕೆಲಸ. ಆದ್ರೆ ಅದು ಟ್ರಂಕ್‌ನಲ್ಲಿ (ಕೆಲಸ ನಡೀತಿರೋ ಮುಖ್ಯ ಕೋಡಲ್ಲಿ) ಕೂತಿತ್ತು, ನಿಮ್ಮ ಕ್ಲೈಂಟ್‌ನ ಸರ್ವರ್‌ಗೆ ಬರ್ಲಿಲ್ಲ. ಓಡೂ ವರ್ಷಕ್ಕೊಂದು ವರ್ಷನ್ ಬಿಡುತ್ತೆ. ಹೊರಗಿಂದ ನೋಡೋರಿಗೆ ಒಂದು ಜೀವಂತ ಇನ್ನೊಂದು ಸತ್ತಿದೆ ಅನ್ಸುತ್ತೆ, ಪಾಪ ಅವರ ತಪ್ಪಲ್ಲ.

ಇಲ್ಲೊಂದು ನನ್ನದೇ ತಪ್ಪನ್ನೂ ಹೇಳ್ಬಿಡ್ತೀನಿ. 10.04ರ ಕಾಲದಲ್ಲಿ ಒಬ್ಬ ಕ್ಲೈಂಟ್‌ಗೆ ಆರ್ಡರ್ ಅಪ್ರೂವ್ ಆಗೋ ಮುಂಚೆ ಉದ್ರಿ ಮಿತಿ ನೋಡ್ಬೇಕಿತ್ತು, ನಾನು ಅರ್ಜೆಂಟಲ್ಲಿ ಸೀದಾ ಆರ್ಡರ್ ಕಂಪೋನೆಂಟ್ ಒಳಗಿನ ಫೈಲನ್ನೇ ತಿದ್ದಿದೆ. ಒಂದು ಎಸ್‌ಇಸಿಎ ಬರ್ದು ಹಾಟ್-ಡಿಪ್ಲಾಯ್ ಫೋಲ್ಡರಲ್ಲಿ ಇಟ್ಟಿದ್ರೆ ಸಾಕಿತ್ತು. ಅಲ್ಲಿಂದ ರುಚಿ ಹತ್ತಿ ಇನ್ನೂ ಮೂವತ್ತೋ ನಲವತ್ತೋ ಫೈಲ್ ತಿದ್ದಿದ್ವಿ. 13.07ಕ್ಕೆ ಹೋಗೋಣ ಅಂತ ಕೂತಾಗ ಯಾವುದು ನಮ್ದು ಯಾವುದು ಅವರದ್ದು ಅಂತ ಬಿಡಿಸೋಕೇ ಎರಡು ತಿಂಗಳು, ಕೊನೆಗೆ ಕ್ಲೈಂಟು ‘ಬಿಡಿ ಸ್ವಾಮಿ, ಇದೇ ಇರ್ಲಿ’ ಅಂದ್ರು. ನಿಮ್ಮ 16.11ರ ಕ್ಲೈಂಟ್ ಯಾಕೆ ಅಲ್ಲೇ ಇದಾರೆ ಅಂತ ನೀವು ಬರ್ದಿಲ್ಲ, ನಾನು ಊಹೆ ಮಾಡಬಲ್ಲೆ.

ಈಗ ಅಸಲು ಕಾರಣಕ್ಕೆ ಬರೋಣ, ಇದನ್ನ ಯಾರೂ ಬಾಯ್ಬಿಟ್ಟು ಹೇಳಲ್ಲ. ಓಡೂ ಹಿಂದೆ ಒಂದು ಕಂಪನಿ ಇದೆ, ಇಆರ್‌ಪಿನೆಕ್ಸ್ಟ್ ಹಿಂದೆ ಮುಂಬೈನ ಫ್ರಾಪ್ಪೆ ಇದೆ. ಅಲ್ಲಿ ಒಬ್ರು ಕೂತು ಈ ವರ್ಷ ಇದು ಅಂತ ಹೇಳ್ತಾರೆ, ಸಂಬಳ ತಗೊಳ್ಳೋರು ಮಾಡ್ತಾರೆ. ಫ್ರಾಪ್ಪೆಗೆ 2020ರಲ್ಲಿ ದುಡ್ಡು ಹಾಕಿದ್ದು ನಮ್ಮ ಬೆಂಗಳೂರಿನ ಝೆರೋಧಾದ ರೈನ್‌ಮ್ಯಾಟರ್. ಅಪಾಚೆಲಿ ಆ ಥರ ಇಲ್ಲ. ಅಲ್ಲಿ ಯಾರೂ ಯಾರಿಗೂ ಆರ್ಡರ್ ಮಾಡಂಗಿಲ್ಲ, ಕಮಿಟರ್‌ಗಳು (ಕೋಡ್ ಸೇರಿಸೋ ಹಕ್ಕಿರೋರು) ತಂತಮ್ಮ ಬಿಡುವಲ್ಲಿ ಮಾಡ್ತಾರೆ, ಕೋಡ್ ಬದಲಾವಣೆಗೆ ಒಬ್ರು ಕಾರಣ ಕೊಟ್ಟು ಮೈನಸ್ ಒಂದು ಹಾಕಿದ್ರೂ ನಿಲ್ಲುತ್ತೆ. ಇದು ದೋಷ ಅಂತ ನಾನು ಹೇಳಲ್ಲ, ಇಪ್ಪತ್ತು ವರ್ಷ ಯಾವ ಕಂಪನಿ ಕೈಗೂ ಸಿಗದೇ ಉಳಿದಿದ್ದು ಅದರಿಂದಲೇ. ಆದ್ರೆ ಅದರ ಜೊತೆ ಇನ್ನೊಂದು ಇದೆ: ಓಎಫ್‌ಬಿಜ್‌ನಿಂದ ಬದುಕೋರೆಲ್ಲಾ ನಿಮ್ಮಂಥ ಸರ್ವಿಸ್ ಕಂಪನಿಗಳು. ಡಬ್ಬಿಯಿಂದ ತೆಗೆದ ತಕ್ಷಣ ಎಲ್ಲಾ ಚೆನ್ನಾಗಿ ಓಡಿದ್ರೆ ನಿಮ್ಮ ಬಿಲ್ ಕಮ್ಮಿ ಆಗುತ್ತೆ. ಚೆಂದದ ಸ್ಕ್ರೀನ್ ಎಲ್ಲಾ ಕಂಪನಿಗಳೂ ಕಟ್ಕೊಂಡಿದಾವೆ, ತಮ್ಮ ತಮ್ಮ ಫೋರ್ಕ್‌ನಲ್ಲಿ (ಬೇರೆ ಮಾಡ್ಕೊಂಡ ಪ್ರತೀಲಿ) ಬೀಗ ಹಾಕ್ಕೊಂಡು ಇಟ್ಕೊಂಡಿದಾವೆ. ಲೈಸೆನ್ಸು ಅದಕ್ಕೆ ಬಿಡುತ್ತೆ, ಕಾನೂನಿನ ಪ್ರಕಾರ ತಪ್ಪಿಲ್ಲ. ಜಿಎಸ್‌ಟಿ ನೋಡಿ, 2017ರ ಜುಲೈ 1ಕ್ಕೆ ಬಂತು, ನಾನು ನೋಡಿದ ಓಎಫ್‌ಬಿಜ್ ಕಂಪನಿ ಪ್ರತಿಯೊಂದೂ ತನ್ನದೇ ಜಿಎಸ್‌ಟಿ ಕಂಪೋನೆಂಟ್ ಬರ್ಕೊಂಡ್ವು, ಒಂದೇ ಕೆಲಸ ಅಷ್ಟೂ ಸಲ. ಇ-ಇನ್‌ವಾಯ್ಸ್ 2020ರ ಅಕ್ಟೋಬರಲ್ಲಿ 500 ಕೋಟಿ ವಹಿವಾಟಿನವರಿಗೆ ಅಂತ ಶುರುವಾಗಿ ಇಳೀತಾ ಇಳೀತಾ 2023ರ ಆಗಸ್ಟ್‌ಗೆ 5 ಕೋಟಿಗೆ ಬಂತು, ಪ್ರತಿ ಮೆಟ್ಟಿಲಿಗೂ ಎಲ್ರೂ ಬೇರೆಬೇರೆ ಓಡಿದ್ರು. ನೀವೂ ಬರ್ದಿರ್ತೀರ. ಅದು ಎಲ್ಲಿದೆ ಈಗ? ನಿಮ್ಮ ಪ್ರೈವೇಟ್ ರೆಪೋಲಿ.

ಹಾಗಾಗಿ ವಿಷನ್‌ನ ಮೊದಲ ಸಾಲಲ್ಲೇ ಒಂದು ಪ್ರಶ್ನೆ ಕೇಳಿ ಉತ್ತರ ಬರೀಬೇಕು: ಇದು ತಗೊಂಡ ತಕ್ಷಣ ಅಂಗಡೀಲಿ ಓಡೋ ಇಆರ್‌ಪಿನಾ, ಇಲ್ಲಾ ಡೆವಲಪರ್ ತಗೊಂಡು ತನಗೆ ಬೇಕಾದ್ದು ಕಟ್ಕೊಳ್ಳೋ ಅಡಿಪಾಯಾನಾ? ಇಷ್ಟು ವರ್ಷ ಎರಡೂ ಅಂತ ಹೇಳ್ಕೊಂಡು ಬಂದಿದೀವಿ. ನನ್ನ ಅಭಿಪ್ರಾಯ ಕೇಳಿದ್ರೆ ಎರಡನೇದು ಅಂತ ಧೈರ್ಯವಾಗಿ ಹೇಳ್ಬಿಡಿ. ಮೊದಲನೇದ್ರಲ್ಲಿ ಓಡೂ ಜೊತೆ, ಇಆರ್‌ಪಿನೆಕ್ಸ್ಟ್ ಜೊತೆ, ನಮ್ಮೂರಲ್ಲಾದ್ರೆ ಟ್ಯಾಲಿ ಜೊತೆ ಓಡೋಕೆ ನಮ್ಮ ಹತ್ರ ಕಾಲಿಲ್ಲ. ಇದನ್ನ ಒಪ್ಪದೋರು ಇದಾರೆ, ಅವರ ವಾದಾನೂ ಇದೆ: ಹೊಸಬ ಡೌನ್‌ಲೋಡ್ ಮಾಡಿದಾಗ ಮುಖ ಚೆನ್ನಾಗಿಲ್ದಿದ್ರೆ ಅಡಿಪಾಯ ನೋಡೋಕೆ ಕೂರೋದೇ ಇಲ್ಲ ಅಂತ. ಅದರಲ್ಲೂ ಹುರುಳಿದೆ, ಆದ್ರೂ ನಾನು ಎರಡನೇದಕ್ಕೇ.

ಅದಕ್ಕೆ ಉತ್ತರ ಸಿಕ್ಕಿದ್ರೆ ದಾರಿಗಳು ತಾವಾಗೇ ಕಮ್ಮಿ ಆಗ್ತವೆ. ನಂಗೆ ಹೆಚ್ಚು ಹಿಡಿಸೋದು ಕೋರ್ ಸಣ್ಣ ಮಾಡೋದು. 2016ರ ಸುಮಾರಿಗೆ ಪ್ಲಗಿನ್‌ಗಳನ್ನ ಬೇರೆ ಮಾಡಿದ್ರಲ್ಲ, ಬಿಲ್ಡ್ ಟೂಲ್ ಆ್ಯಂಟ್ ಬಿಟ್ಟು ಗ್ರೇಡಲ್‌ಗೆ ಬಂದಾಗ, ಅದೇ ದಾರೀಲಿ ಇನ್ನೂ ನಡೀಬೇಕು. ಎಂಟಿಟಿ, ಸರ್ವಿಸ್, ಸೆಕ್ಯೂರಿಟಿ, ಪಾರ್ಟಿ, ಪ್ರಾಡಕ್ಟ್, ಆರ್ಡರ್, ಅಕೌಂಟಿಂಗ್ ಇಷ್ಟು ಗಟ್ಟಿಯಾಗಿ ಇಟ್ಕೊಂಡು ಉಳಿದದ್ದಕ್ಕೆ ‘ಇದನ್ನ ನೋಡ್ಕೊಳ್ಳೋರು ಯಾರು’ ಅಂತ ಕೇಳಿ, ಹೆಸರು ಬರ್ಲಿಲ್ಲ ಅಂದ್ರೆ ಹೊರಗೆ. ಇಆರ್‌ಪಿನೆಕ್ಸ್ಟ್‌ನೋರು ವರ್ಷನ್ 14ರಲ್ಲಿ ಇದೇ ಮಾಡಿದ್ದು, ಎಚ್‌ಆರ್ ಭಾಗ ಬೇರೆ ಆ್ಯಪ್ಪು, ಭಾರತದ ಜಿಎಸ್‌ಟಿ ಭಾಗ ಇಂಡಿಯಾ ಕಂಪ್ಲಯನ್ಸ್ ಅಂತ ಬೇರೆ ಆ್ಯಪ್ಪು. ಟ್ಯಾಕ್ಸ್ ನಿಯಮ ಬದಲಾದ್ರೆ ಆ ಆ್ಯಪ್ ಒಂದೇ ಅಪ್‌ಡೇಟು. ಅಪಾಯ ಏನಂದ್ರೆ ನಾವು ಹೊರಗೆ ಹಾಕಿದ್ದನ್ನೇ ಎಲ್ಲೋ ಒಬ್ಬ ಬಳಸ್ತಿರ್ತಾನೆ, ಕೂಗ್ತಾನೆ. ಒಂದು ರಿಲೀಸ್ ಮುಂಚೆ ಹೇಳಿ, ಮುಂದಿನ ರಿಲೀಸಲ್ಲಿ ತೆಗೀರಿ. ಕೂಗಿದವನು ನೋಡ್ಕೊಳ್ತೀನಿ ಅಂದ್ರೆ ಒಳ್ಳೇದೇ ಆಯ್ತು, ಒಂದು ಕೈ ಸಿಕ್ತು.

ಸ್ಕ್ರೀನ್ ವಿಷಯಕ್ಕೆ ಎಲ್ರೂ ಹೇಳೋದು ಹಿಂದೆ ಸರ್ವಿಸ್ ಲೇಯರ್ ಇಟ್ಕೊಂಡು ಮುಂದೆ ರೆಸ್ಟ್ ಎಪಿಐ ಕೊಟ್ಬಿಡೋಣ, ಮುಖ ಯಾರಿಗೆ ಹೆಂಗೆ ಬೇಕೋ ಹಂಗೆ ಕಟ್ಕೊಳ್ಳಲಿ ಅಂತ. ದಿಕ್ಕು ಸರಿ ಇದೆ. ಓಎಫ್‌ಬಿಜ್‌ನಲ್ಲಿ ಪ್ರತಿ ಸರ್ವಿಸ್‌ಗೂ ಒಳಗೆ ಏನು ಹೋಗುತ್ತೆ ಹೊರಗೆ ಏನು ಬರುತ್ತೆ ಅಂತ ಮೊದಲೇ ಬರ್ದಿರೋದ್ರಿಂದ ಇದು ಬೇರೆಯವರಿಗಿಂತ ನಮಗೆ ಸುಲಭ, ಆ ಹಳೇ ಎಕ್ಸ್‌ಎಂಎಲ್ಲೇ ಇಲ್ಲಿ ಕೈ ಹಿಡಿಯೋದು. ಆದ್ರೆ ಎಚ್ಚರ, ಒಳಗಿನ ಬ್ಯಾಕ್‌ಆಫೀಸ್ ಸ್ಕ್ರೀನ್‌ಗಳನ್ನೆಲ್ಲಾ ರಿಯಾಕ್ಟ್‌ಗೆ ಬದಲಾಯಿಸ್ತೀವಿ ಅಂತ ವಿಷನ್‌ನಲ್ಲಿ ಬರೀಬೇಡಿ. ನೂರಾರು ಇವೆ. ಅರ್ಧಕ್ಕೆ ನಿಲ್ಲುತ್ತೆ, ಆಮೇಲೆ ಎರಡು ಥರದ ಸ್ಕ್ರೀನ್ ಸಂಭಾಳಿಸಬೇಕು, ಹೊಸ ಹುಡುಗ ಎರಡೂ ಕಲೀಬೇಕು. ದಿನಕ್ಕೆ ನೂರು ಸಲ ತೆರೆಯೋ ನಾಲ್ಕೈದು ಸ್ಕ್ರೀನ್, ಆರ್ಡರ್ ಎಂಟ್ರಿ, ಮಾಲು ಒಳಗೆ ತಗೊಳ್ಳೋದು, ಪ್ಯಾಕಿಂಗು, ಇಷ್ಟು ಚೆನ್ನಾಗಿ ಮಾಡಿದ್ರೆ ಗುಮಾಸ್ತರು ಖುಷಿಯಾಗ್ತಾರೆ. ವರ್ಷಕ್ಕೊಂದ್ಸಲ ತೆರೆಯೋ ಟ್ಯಾಕ್ಸ್ ಅಥಾರಿಟಿ ಸ್ಕ್ರೀನು ಹೇಗಿದ್ರೆ ಯಾರಿಗೇನು. ಮತ್ತೆ ಎಪಿಐ ತೆರೆದ್ರಿ ಅಂದ್ರೆ ಪರ್ಮಿಶನ್ ಪರೀಕ್ಷೆ ಸ್ಕ್ರೀನಲ್ಲಿದ್ರೆ ಸಾಲಲ್ಲ, ಪ್ರತಿ ಸರ್ವಿಸ್ ಒಳಗೇ ಇರ್ಬೇಕು. ಮೇಲೆ ಹೇಳಿದ ಬೇರಿನ ಕಥೆ ಇಲ್ಲೂ ಅನ್ವಯ.

ಯಾರೂ ಮೈಮೇಲೆ ಹಾಕ್ಕೊಳ್ಳದ ಒಂದು ಕೆಲಸ ಇದೆ, ಬೋರಿಂಗು, ಆದ್ರೆ ತಪ್ಪಿಸೋಕಾಗಲ್ಲ. ಜಾವಾದ ಎಂಟರ್‌ಪ್ರೈಸ್ ಭಾಗದಲ್ಲಿ ಜಾವಾಎಕ್ಸ್ ಅಂತಿದ್ದ ಪ್ಯಾಕೇಜ್ ಹೆಸರುಗಳು 2020ರಲ್ಲಿ ಜಕಾರ್ತಾ ಅಂತ ಬದಲಾದ್ವು, ಟಾಮ್‌ಕ್ಯಾಟ್ ಅನ್ನೋ ವೆಬ್ ಸರ್ವರ್‌ನ ವರ್ಷನ್ 9 ಹಳೇ ಹೆಸರಲ್ಲಿ, 10 ಹೊಸ ಹೆಸರಲ್ಲಿ. ಈ ಥರದ್ದು ಮಾಡದೇ ಬಿಟ್ರೆ ಒಂದಿನ ಸೆಕ್ಯೂರಿಟಿ ಫಿಕ್ಸ್ ಬರೋದೇ ನಿಲ್ಲುತ್ತೆ. ಡೆಮೋದಲ್ಲಿ ತೋರಿಸೋಕೆ ಏನೂ ಇರಲ್ಲ, ಅದಕ್ಕೇ ಮುಂದಕ್ಕೆ ಹೋಗ್ತಾನೇ ಇರುತ್ತೆ. ವಿಷನ್ ನೋಟಲ್ಲಿ ಇದಕ್ಕೊಂದು ಪ್ಯಾರಾ ಇಡಿ, ಚೆನ್ನಾಗಿ ಕಾಣಲ್ಲ, ಇಡಿ.

ಎಐ ಬಗ್ಗೆ ನೀವು ಕೇಳಿಲ್ಲ, ಆದ್ರೆ ಯಾರಾದ್ರೂ ಕೇಳೇ ಕೇಳ್ತಾರೆ. ಉಳಿದಿರೋ ಮಿನಿಲ್ಯಾಂಗನ್ನ ಗ್ರೂವಿಗೆ ತಿರುಗಿಸೋಕೆ ನಾನು ಬಳಸಿದೀನಿ, ತೊಂಬತ್ತು ಭಾಗ ಸರಿ ಮಾಡಿ ಉಳಿದ ಹತ್ತರಲ್ಲಿ ದಶಾಂಶದ ರೌಂಡಿಂಗ್ ತಪ್ಪಿಸಿ ನಗ್ತಾ ಕೊಡುತ್ತೆ. ಟೆಸ್ಟ್ ಇದ್ರೆ ಬಳಸಿ, ಇಲ್ದಿದ್ರೆ ಮೊದಲು ಟೆಸ್ಟ್ ಬರೀರಿ.

ಕೈಗಳನ್ನ ಜಾಸ್ತಿ ಮಾಡೋದು ಹೆಂಗೆ ಅನ್ನೋದಕ್ಕೆ ನಂಗೆ ಇಷ್ಟವಾದ ಉದಾಹರಣೆ ಲಿಬ್ರೆಆಫೀಸ್. 2010ರಲ್ಲಿ ಓಪನ್‌ಆಫೀಸ್‌ನಿಂದ ಬೇರೆ ಆದಾಗ ಅವರ ಕೈಗೆ ಸಿಕ್ಕಿದ್ದು ನಮಗಿಂತ ಹಳೇ, ನಮಗಿಂತ ದೊಡ್ಡ ಕೋಡು. ಮೂಲ ಜರ್ಮನಿಯದ್ದಾದ್ರಿಂದ ಎಷ್ಟೋ ಕಾಮೆಂಟು ಜರ್ಮನ್‌ನಲ್ಲಿ. ಅವರು ಏನ್ ಮಾಡಿದ್ರು ಅಂದ್ರೆ ಈಸಿ ಹ್ಯಾಕ್ಸ್ ಅಂತ ಪಟ್ಟಿ ಮಾಡಿ, ಈ ಕಾಮೆಂಟ್ ಇಂಗ್ಲಿಷ್‌ಗೆ ತಿರುಗಿಸಿ, ಈ ಸತ್ತ ಫಂಕ್ಷನ್ ಅಳಿಸಿ ಅಂತ ಸಣ್ಣಸಣ್ಣ ಕೆಲಸ ಹೊಸಬರಿಗೆ ಕೊಟ್ರು. ಕೋಡೂ ತೊಳೀತು, ಜನಾನೂ ಸೇರಿದ್ರು. ನಮ್ಮಲ್ಲಿ ಹೊಸಬನಿಗೆ ಕೊಡೋ ಮೊದಲ ಕೆಲಸ ಏನು? ಇದಕ್ಕೊಂದು ಪರೀಕ್ಷೆ ಮಾಡಿ. ಮುಂದಿನ ಸಲ ಕಾಲೇಜಿಂದ ಹುಡುಗ ಬಂದಾಗ ಲ್ಯಾಪ್‌ಟಾಪ್ ಕೊಟ್ಟು, ಸುಮ್ನೆ ಪಕ್ಕದಲ್ಲಿ ಕೂತು, ಡೌನ್‌ಲೋಡ್‌ನಿಂದ ಶುರು ಮಾಡಿ ಪಾರ್ಟಿ ಸ್ಕ್ರೀನಲ್ಲಿ ಜಿಎಸ್‌ಟಿಐಎನ್ ಅಂತ ಒಂದು ಫೀಲ್ಡ್ ಸೇರಿಸಿ ಸೇವ್ ಆಗೋವರೆಗೂ ಎಷ್ಟು ಹೊತ್ತು ಹಿಡೀತು ಅಂತ ಬರ್ಕೊಳ್ಳಿ, ಎಲ್ಲೆಲ್ಲಿ ಸಿಕ್ಕಿಹಾಕೊಂಡ ಅಂತ ಬರ್ಕೊಳ್ಳಿ, ನೀವು ಬಾಯಿ ಬಿಡ್ಬೇಡಿ. ನಾನು ಮಾಡಿದಾಗ ಒಬ್ಬ ಜಾಣ ಹುಡುಗನಿಗೆ ಎರಡೂವರೆ ದಿನ ಆಯ್ತು. ಅದನ್ನ ಅರ್ಧ ದಿನಕ್ಕೆ ತರ್ತೀವಿ ಅಂತ ವಿಷನ್‌ನಲ್ಲಿ ಬರೀರಿ. ಜೊತೆಗೆ ಒಂದು ಫಿಕ್ಸು ಟ್ರಂಕ್‌ಗೆ ಹೋದ ದಿನದಿಂದ ಕ್ಲೈಂಟ್ ಸರ್ವರ್‌ಗೆ ಬರೋವರೆಗೂ ಎಷ್ಟು ತಿಂಗಳು ಅಂತ. ಈ ಎರಡು ಸಂಖ್ಯೆ ಇಳಿದ್ರೆ ಪ್ರಾಜೆಕ್ಟ್ ಮಾಡರ್ನ್ ಆಗ್ತಿದೆ ಅಂತ ನಾನು ಒಪ್ತೀನಿ, ಒಳಗೆ ಏನ್ ಫ್ರೇಮ್‌ವರ್ಕ್ ಇದ್ರೂ.

ಬಾಸಿನ ಮಾತಿಗೆ. ಬೇರೆ ಕಡೆ ಹೋಗೋದು ತಪ್ಪಲ್ಲ, ಏಳು ಕ್ಲೈಂಟನ್ನೂ ಒಟ್ಟಿಗೆ ಹೊತ್ಕೊಂಡು ಹೋಗೋದು ತಪ್ಪು. ಎರಡು ವಿಷಯ ಕೂತು ನೋಡೋಕೆ ಹೇಳಿ. ಇಆರ್‌ಪಿನೆಕ್ಸ್ಟ್ ಜಿಪಿಎಲ್ ವರ್ಷನ್ 3, ನೀವು ತಿದ್ದಿ ಕ್ಲೈಂಟ್‌ಗೆ ಕೊಟ್ರೆ ಸೋರ್ಸ್ ಸಮೇತ, ಅದೇ ಲೈಸೆನ್ಸಲ್ಲಿ ಕೊಡ್ಬೇಕು. ನಿಮ್ಮ ಬಿಸಿನೆಸ್ ಬರೀ ಸರ್ವಿಸ್ ಆಗಿದ್ರೆ ತೊಂದ್ರೆ ಇಲ್ಲ, ನಮ್ಮದೇ ಪ್ರಾಡಕ್ಟ್ ಅಂತ ಮುಚ್ಚಿ ಮಾರೋ ಆಸೆ ಇದ್ರೆ ಯೋಚ್ನೆ ಮಾಡ್ಬೇಕು. ಓಡೂ 2015ರಲ್ಲಿ ವರ್ಷನ್ 9ರಿಂದ ಎರಡು ಆಯ್ತು, ಕಮ್ಯುನಿಟಿ ಫ್ರೀ, ಆದ್ರೆ ಪೂರ್ತಿ ಅಕೌಂಟಿಂಗ್ ಬೇಕು ಅಂದ್ರೆ ಎಂಟರ್‌ಪ್ರೈಸ್, ಯೂಸರ್‌ಗೆ ಇಷ್ಟು ಅಂತ ದುಡ್ಡು. ಹೊಸ ಕ್ಲೈಂಟ್ ಬಂದು, ಚಿಕ್ಕದು, ಮಾಮೂಲಿ ಖರೀದಿ-ಮಾರಾಟ-ಜಿಎಸ್‌ಟಿ ಅಂದ್ರೆ ನಾನಾದ್ರೂ ಇಆರ್‌ಪಿನೆಕ್ಸ್ಟೇ ಹಾಕ್ತೀನಿ, ಮುಚ್ಚುಮರೆ ಏನಿಲ್ಲ. ಬೆಲೆ ನಿಯಮ, ಸ್ಕೀಮು, ಹಲವು ಗೋಡೌನು ಅಂತ ಸಿಕ್ಕುಸಿಕ್ಕಾಗಿರೋ ಡಿಸ್ಟ್ರಿಬ್ಯೂಟರನ್ನ ಎಬ್ಬಿಸಿ ಹೊಸ ಕಡೆ ಕೂರಿಸೋಕೆ ಮಾತ್ರ ಅವಸರ ಮಾಡ್ಬೇಡಿ.

ನಿಮ್ಮ ಜಿಎಸ್‌ಟಿ ಕಂಪೋನೆಂಟನ್ನ ಪ್ಲಗಿನ್ ಆಗಿ ಬಿಡುಗಡೆ ಮಾಡೋಕೆ ಬಾಸನ್ನ ಒಪ್ಸೋಕಾಗುತ್ತಾ ನೋಡಿ. ‘ನಮ್ದು ಯಾಕ್ರೀ ಬೇರೆಯವರಿಗೆ ಕೊಡ್ಬೇಕು’ ಅಂತ ಕೇಳ್ತಾರೆ. ಮುಂದಿನ ಸಲ ನಿಯಮ ಬದಲಾದಾಗ ನಾಲ್ಕು ಕಂಪನಿ ಸೇರಿ ತಿದ್ತಾರೆ, ನಮಗೆ ಕಾಲುಭಾಗ ಕೆಲಸ ಅಂತ ಲೆಕ್ಕ ತೋರಿಸಿ. ಆ ಪ್ಲಗಿನ್ ಹೊರಗೆ ಬಂದ ಮೇಲೆ ನಿಮ್ಮ ಡ್ರಾಫ್ಟ್ ಓದೋರು ಬೇರೆ ಥರ ಓದ್ತಾರೆ, ಬರೀ ಹೇಳೋನಲ್ಲ ಮಾಡಿರೋನು ಅಂತ.

ಆದ್ರೆ ಇದೆಲ್ಲಾ ಆಮೇಲೆ. 16.11ಕ್ಕೆ ಈಗ ಯಾವ ಫಿಕ್ಸೂ ಬರಲ್ಲ. ಆ ಕ್ಲೈಂಟ್‌ನ ಸರ್ವರ್ ಇಂಟರ್ನೆಟ್‌ಗೆ ತೆರೆದಿದ್ರೆ ಇವತ್ತೇ ವಿಪಿಎನ್ ಹಿಂದೆ ಹಾಕಿ, ಅಡ್ಮಿನ್ ಹೆಸರಿಗೆ ಓಎಫ್‌ಬಿಜ್ ಅನ್ನೋ ಡೀಫಾಲ್ಟ್ ಪಾಸ್‌ವರ್ಡೇ ಇದೆಯಾ ನೋಡಿ, ನಗ್ಬೇಡಿ, ನಾನು ಎರಡು ಕಡೆ ನೋಡಿದೀನಿ. ಉಳಿದ ಆರು ಕಡೆ 18.12ರ ಮುಂದೆ ಮೂರನೇ ಸಂಖ್ಯೆ ಏನಿದೆ ಅಂತ ಒಂದು ಚೀಟೀಲಿ ಬರ್ಕೊಳ್ಳಿ. 16ಕ್ಕಿಂತ ಕಮ್ಮಿ ಇರೋ ಪ್ರತಿಯೊಂದಕ್ಕೂ ಈ ವಾರವೇ ಅಪ್‌ಡೇಟು, ಸೀದಾ ಆ ಬ್ರ್ಯಾಂಚಿನ ಕೊನೇ ರಿಲೀಸ್‌ಗೇ ಹೋಗಿ. ಅದಾದ್ಮೇಲೆ 24.09ಕ್ಕೆ ಮೊದಲು ಹೋಗೋರು ಯಾರು ಅಂತ ಏಳರಲ್ಲಿ ಒಬ್ರನ್ನ ಆರಿಸಿ, ಕೋರ್ ಫೈಲು ಅತಿ ಕಮ್ಮಿ ತಿದ್ದಿರೋರನ್ನ.